ಜೂನ್‌ನಲ್ಲಿ ಆದ ಜಗಳಕ್ಕೆ ಜುಲೈಯಲ್ಲಿ ಬಂದ ಕಾನೂನು ಹಾಕಬಹುದಾ?

ನಿಮ್ಮ ಅಣ್ಣ 2024ರ ಜೂನ್‌ನಲ್ಲಿ ಬದುವಿನ ಜಗಳದಲ್ಲಿ ಒಬ್ಬರಿಗೆ ಕೈಯಿಂದ ಹೊಡೆದರು, ದೂರು ಆಗಸ್ಟ್‌ನಲ್ಲಿ ಬಂತು, ಈಗ ಬಿಎನ್‌ಎಸ್ (ಹಳೆಯ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ ಹಾಕಿದ್ದಾರೆ, ಇದು ಸರಿನಾ, ಹೊರದೇಶದ ಕೋರ್ಟುಗಳು ಏನು ಹೇಳುತ್ತವೆ ಅಂತ ಕೇಳಿದ್ದೀರಿ.

ಸರಿಯಲ್ಲ. ನಾನು ಕೋಲಾರದಲ್ಲಿ ವಕೀಲಿ ಮಾಡುತ್ತೇನೆ, ಆ ವರ್ಷ ಮುಳಬಾಗಿಲು ಕಡೆಯಿಂದ ಇಂಥದೇ ಕೇಸು ನನ್ನ ಹತ್ತಿರವೂ ಬಂದಿತ್ತು. ಬಿಎನ್‌ಎಸ್ ಜಾರಿಗೆ ಬಂದಿದ್ದು 2024ರ ಜುಲೈ 1ಕ್ಕೆ. ದೂರು ಯಾವಾಗ ಕೊಟ್ಟರು ಅನ್ನುವುದು ಲೆಕ್ಕಕ್ಕಿಲ್ಲ, ಪೆಟ್ಟು ಬಿದ್ದ ದಿನ ಯಾವ ಕಾನೂನಿತ್ತು ಅನ್ನುವುದೇ ಮುಖ್ಯ. ಬರೀ ನಂಬರ್ ತಾನೇ ಬದಲಾಗಿದ್ದು ಅಂತ ಸುಮ್ನೆ ಬಿಡಬೇಡಿ. ಹೊಡೆದು ನೋವು ಮಾಡಿದ್ದಕ್ಕೆ ಐಪಿಸಿ 323ರಲ್ಲಿ ದಂಡ ಹೆಚ್ಚೆಂದರೆ 1,000 ರೂಪಾಯಿ, ಬಿಎನ್‌ಎಸ್ 115(2)ರಲ್ಲಿ 10,000. ಜೈಲು ಎರಡರಲ್ಲೂ ಒಂದು ವರ್ಷದವರೆಗೆ.

ತಪ್ಪು ನಡೆದ ಮೇಲೆ ಬಂದ ಕಾನೂನಿನಿಂದ ಶಿಕ್ಷೆ ಹೆಚ್ಚಿಸುವುದನ್ನು ಸಂವಿಧಾನದ 20(1)ನೇ ವಿಧಿ ತಡೆಯುತ್ತದೆ. 1953ರ ಕೇದಾರನಾಥ್ ಕೇಸಿನಲ್ಲಿ 1947ರ ತಪ್ಪಿಗೆ 1949ರ ಕಾನೂನಿನ ಪ್ರಕಾರ ಹಾಕಿದ್ದ ಜಾಸ್ತಿ ದಂಡವನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಹೊಸ ಕಾನೂನು ಮೃದುವಾಗಿದ್ದರೆ ಅದರ ಲಾಭ ಸಿಗಬಹುದು, 1965ರ ರತನ್ ಲಾಲ್ ತೀರ್ಪಿನಲ್ಲಿ 16 ವರ್ಷದ ಹುಡುಗನಿಗೆ ಹಾಗೇ ಸಿಕ್ಕಿತು. ಆದರೆ ತನಿಖೆ, ವಿಚಾರಣೆಯ ಕ್ರಮಕ್ಕೆ ಈ ರಕ್ಷಣೆ ಇಲ್ಲ. ಎಫ್‌ಐಆರ್ ಹೊಸ ಬಿಎನ್‌ಎಸ್‌ಎಸ್ (ತನಿಖೆ, ವಿಚಾರಣೆಯ ಕ್ರಮ ಹೇಳುವ ಕಾನೂನು) ಪ್ರಕಾರ ದಾಖಲಾಗಿದೆ ಅಂತ ತಕರಾರು ತೆಗೆಯಬೇಡಿ.

ಕ್ರಮ ಯಾವುದು, ಶಿಕ್ಷೆ ಯಾವುದು? ನಿಜವಾದ ಜಗಳ ಇಲ್ಲೇ. ಯುರೋಪಿನ ಮಾನವ ಹಕ್ಕು ಒಪ್ಪಂದದ 7ನೇ ವಿಧಿ ನಮ್ಮ 20(1)ರ ಹಾಗೇ ಇದೆ. ಸ್ಪೇನಿನಲ್ಲಿ ಡೆಲ್ ರಿಯೊ ಪ್ರಾಡಾ ಎಂಬ ಮಹಿಳೆಗೆ 3,000 ವರ್ಷಕ್ಕೂ ಜಾಸ್ತಿ ಶಿಕ್ಷೆಯಾಗಿತ್ತು, ಆದರೆ ಅಲ್ಲಿನ ಕಾನೂನಿನ ಮಿತಿ 30 ವರ್ಷ. ಜೈಲಿನಲ್ಲಿ ಮಾಡಿದ ಕೆಲಸಕ್ಕೆ ಸಿಕ್ಕ ಕಡಿತ ಸೇರಿ 2008ರಲ್ಲಿ ಬಿಡುಗಡೆ ಆಗಬೇಕಿತ್ತು. ಅಷ್ಟರಲ್ಲಿ 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಡಿತದ ಲೆಕ್ಕವನ್ನೇ ಬದಲಿಸಿತು, ಅವರ ಬಿಡುಗಡೆ 2017ಕ್ಕೆ ಹೋಯಿತು. ಇದು ಶಿಕ್ಷೆ ಜಾರಿ ಮಾಡುವ ಕ್ರಮ ಮಾತ್ರ ಅಂತ ಸ್ಪೇನ್ ವಾದಿಸಿತು. ಅಲ್ಲ, ಇದು ಶಿಕ್ಷೆಯನ್ನೇ ಹೆಚ್ಚಿಸಿದ ಹಾಗೆ ಅಂತ 2013ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕು ಕೋರ್ಟ್ ಹೇಳಿತು. ರಕ್ಷಣೆ ಸಿಕ್ಕಿದ್ದು ಎಂಥ ಅಪರಾಧಿಗೇ ಇರಲಿ, ಆ ತೀರ್ಪು ಸರಿ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಅವರು ಭಯೋತ್ಪಾದನೆ ಕೇಸಿನಲ್ಲಿ ಒಳಗಿದ್ದವರು, ಅಂಥವರಿಗೇ ಈ ರಕ್ಷಣೆ ಸಿಕ್ಕಿದ ಮೇಲೆ ನಿಮ್ಮ ಅಣ್ಣನಿಗೆ ಯಾಕೆ ಸಿಗಬಾರದು ಹೇಳಿ.

ಈಗ ಎಫ್‌ಐಆರ್ ಪ್ರತಿ ತೆಗೆದುಕೊಂಡು ಘಟನೆಯ ದಿನಾಂಕ ಸರಿಯಾಗಿ ಬರೆದಿದ್ದಾರಾ ನೋಡಿ. ಜೂನ್ ಅಂತಲೇ ಇದ್ದರೆ ಸೆಕ್ಷನ್ ಬದಲಿಸುವಂತೆ ವಕೀಲರ ಮೂಲಕ ಕೋರ್ಟಿಗೆ ಅರ್ಜಿ ಹಾಕಿಸಿ.