ಸಣ್ಣ ಆಸ್ಪತ್ರೆಯ ಓಟಿಗೆ ಒಮ್ಮೆ ಬಳಸುವ ನಾನ್‌ವೋವನ್ ಗೌನು ಬೇಕೇ, ಹತ್ತಿಯದೇ ಸಾಕೇ?

ಸಕಲೇಶಪುರದ ಬಳಿ ಹದಿನೈದು ಹಾಸಿಗೆಗಳ ಆಸ್ಪತ್ರೆಯೊಂದರ ಆಡಳಿತ ನೋಡಿಕೊಳ್ಳುತ್ತಿರುವ ತಾವು ಮೂರು ಸಂಗತಿಗಳನ್ನು ಕೇಳಿದ್ದೀರಿ: ಆಪರೇಷನ್ ಥಿಯೇಟರಿನಲ್ಲಿ (ಓಟಿ) ಹತ್ತಿಯ ಗೌನು ಮತ್ತು ಶೀಟುಗಳನ್ನು ಬಿಟ್ಟು ನೇಯ್ಗೆಯಿಲ್ಲದ, ಒಮ್ಮೆ ಬಳಸಿ ಎಸೆಯುವ ನಾನ್‌ವೋವನ್‌ಗೆ ಹೋಗಬೇಕೇ, ಡೀಲರು ‘ಇದು 60 ಜಿಎಸ್‌ಎಂ, ಗಟ್ಟಿ ಮಾಲು’ ಎಂದು ಬಟ್ಟೆಯ ತೂಕ ಹೇಳುವುದನ್ನು ನಂಬಬಹುದೇ, ಮತ್ತು ಖರ್ಚು ಉಳಿಸಲು ಆ ಗೌನುಗಳನ್ನು ಒಗೆದು, ಆಟೋಕ್ಲೇವ್ ಮಾಡಿ (ಒತ್ತಡದ ಬಿಸಿ ಹಬೆಯಲ್ಲಿ ಕ್ರಿಮಿ ಕೊಂದು) ಮತ್ತೊಮ್ಮೆ ತೊಡಬಹುದೇ. ನಾನು ಹಾಸನದಲ್ಲಿ ಇಪ್ಪತ್ತನಾಲ್ಕು ವರ್ಷ ಆಪರೇಷನ್ ಥಿಯೇಟರಿನ ಶುಶ್ರೂಷಾಧಿಕಾರಿಯಾಗಿ ದುಡಿದವಳು. ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ದಯವಿಟ್ಟು ಒಗೆದು ತೊಡಬೇಡಿ. ಅದೇಕೆ ಎಂಬುದು ಈ ಬಟ್ಟೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ಹತ್ತಿಯ ಮಾತು. ಓಟಿಯಲ್ಲಿ ನಾವೆಲ್ಲ ಬಳಸಿದ ಹಸಿರು ಕೇಸ್‌ಮೆಂಟ್ ಬಟ್ಟೆ ಒಣಗಿರುವಷ್ಟು ಹೊತ್ತು ಒಳ್ಳೆಯದೇ. ಒದ್ದೆಯಾದ ಕ್ಷಣದಿಂದ ಅದರ ಗುಣ ಬದಲಾಗುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆದುಕೊಳ್ಳುವಂತೆ ಹತ್ತಿಯ ನೂಲು ರಕ್ತವನ್ನೂ ಗರ್ಭಜಲವನ್ನೂ ಎಳೆದುಕೊಳ್ಳುತ್ತದೆ, ಅದರೊಂದಿಗೆ ರೋಗಿಯ ರಕ್ತದಲ್ಲಿರುವ ವೈರಾಣು ನಮ್ಮ ಮೈಗೂ, ನಮ್ಮ ಚರ್ಮದ ಬ್ಯಾಕ್ಟೀರಿಯಾ ರೋಗಿಯ ಗಾಯಕ್ಕೂ ದಾಟುತ್ತವೆ. ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಬೆಕ್ ತಮ್ಮ ಸಹೋದ್ಯೋಗಿಯೊಂದಿಗೆ 1952ರಲ್ಲೇ ಒದ್ದೆಯಾದ ಹತ್ತಿ ಗೌನಿನ ಮೂಲಕ ಬ್ಯಾಕ್ಟೀರಿಯಾ ಸುಲಭವಾಗಿ ದಾಟುತ್ತದೆ ಎಂದು ತೋರಿಸಿ, ಅದರ ಮೇಲಿನ ನಂಬಿಕೆ ಹುಸಿ ಎಂದು ಬರೆದಿದ್ದರು. ನನಗೆ ಇದು ಅರ್ಥವಾದದ್ದು ಓದಿನಿಂದಲ್ಲ. ಒಂದು ಆಷಾಢದ ರಾತ್ರಿ ತುರ್ತು ಸಿಸೇರಿಯನ್ ಮುಗಿಸಿ ಗೌನು ಕಳಚಿದಾಗ ನನ್ನ ಮೊಣಕೈಯಿಂದ ಮುಂಗೈವರೆಗೆ ರಕ್ತ ಮೆತ್ತಿಕೊಂಡಿತ್ತು. ಗೌನು ಎಲ್ಲಿಯೂ ಹರಿದಿರಲಿಲ್ಲ, ಆ ತಾಯಿಯ ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆಯ ವರದಿ ಇನ್ನೂ ಬಂದಿರಲಿಲ್ಲ. ವರದಿ ಬರುವವರೆಗಿನ ಆ ಕೆಲವು ಗಂಟೆಗಳನ್ನು ನಾನು ಇಂದಿಗೂ ಮರೆತಿಲ್ಲ.

ಮಲೆನಾಡಿನಲ್ಲಿ ಹತ್ತಿಗೆ ಇನ್ನೊಂದು ತೊಡಕಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ನಿಮ್ಮ ಕಡೆ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅರೆಒಣಗಿದ ಬಟ್ಟೆಯನ್ನು ಡ್ರಮ್ಮಿಗೆ ಒತ್ತಿ ತುಂಬಿ ಆಟೋಕ್ಲೇವಿಗೆ ಹಾಕಿದರೆ ಹಬೆ ಒಳಗಿನ ಮಡಿಕೆಗಳವರೆಗೆ ಸರಿಯಾಗಿ ಹೋಗುವುದಿಲ್ಲ, ಹೊರಬಂದ ಕಟ್ಟು ತೇವವಾಗಿದ್ದರೆ ಅದನ್ನು ಸ್ಟೆರೈಲ್ (ಪೂರ್ತಿ ಕ್ರಿಮಿರಹಿತ) ಎಂದು ಪರಿಗಣಿಸುವಂತೆಯೂ ಇಲ್ಲ. ಬಟ್ಟೆ ಒಣಗಿಸುವ ಯಂತ್ರವಿಲ್ಲದ ಆಸ್ಪತ್ರೆಗೆ ಮಳೆಗಾಲದಲ್ಲಿ ನಾನ್‌ವೋವನ್ ಬೇಕೆನ್ನಲು ನನಗೆ ಇದೊಂದೇ ಕಾರಣ ಸಾಕು.

ಇನ್ನು ನಾನ್‌ವೋವನ್ ಎಂದರೇನು. ಮಗ್ಗದ ಬಟ್ಟೆಯಲ್ಲಿ ಹಾಸು ಇರುತ್ತದೆ, ಹೊಕ್ಕು ಇರುತ್ತದೆ, ಅವೆರಡರ ನಡುವೆ ಕಣ್ಣುಗಳಿರುತ್ತವೆ. ಇಲ್ಲಿ ನೂಲೂ ಇಲ್ಲ, ನೇಯ್ಗೆಯೂ ಇಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಕಾಳುಗಳನ್ನು ಕರಗಿಸಿ, ಸೂಕ್ಷ್ಮ ರಂಧ್ರಗಳಿಂದ ಎಳೆಗಳಾಗಿ ಹೊರದೂಡಿ, ಚಲಿಸುವ ಪಟ್ಟಿಯ ಮೇಲೆ ಅಡ್ಡಾದಿಡ್ಡಿಯಾಗಿ ಹರಡಿ, ಬಿಸಿ ರೋಲರುಗಳ ನಡುವೆ ಅಲ್ಲಲ್ಲಿ ಒತ್ತಿ ಬೆಸೆಯುತ್ತಾರೆ. ಮೇಲ್ಮೈಯಲ್ಲಿ ಕಾಣುವ ಚುಕ್ಕಿಗಳು ಆ ಬೆಸುಗೆಯ ಗುರುತುಗಳು. ಹೀಗೆ ಮಾಡಿದ್ದು ಸ್ಪನ್‌ಬಾಂಡ್. ಇದರ ಎಳೆ ಸುಮಾರು 15ರಿಂದ 35 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ. ಅದೇ ಕರಗಿದ ಪ್ಲಾಸ್ಟಿಕ್ಕಿಗೆ ಬಿಸಿ ಗಾಳಿಯನ್ನು ರಭಸದಿಂದ ಊದಿದರೆ 1ರಿಂದ 5 ಮೈಕ್ರಾನಿನಷ್ಟು ನವಿರಾದ ಎಳೆಗಳು ಸಿಗುತ್ತವೆ, ಅದು ಮೆಲ್ಟ್‌ಬ್ಲೋನ್. ಸ್ಪನ್‌ಬಾಂಡಿಗೆ ಬಲವಿದೆ, ತಡೆಯುವ ಶಕ್ತಿ ಕಡಿಮೆ. ಮೆಲ್ಟ್‌ಬ್ಲೋನ್‌ಗೆ ತಡೆಯುವ ಶಕ್ತಿಯಿದೆ, ಬಲವಿಲ್ಲ, ಕೈಯಲ್ಲಿ ಎಳೆದರೆ ಹರಿಯುತ್ತದೆ. ಆದ್ದರಿಂದ ಹೊರಗೂ ಒಳಗೂ ಸ್ಪನ್‌ಬಾಂಡ್ ಇಟ್ಟು ನಡುವೆ ಮೆಲ್ಟ್‌ಬ್ಲೋನ್ ಸೇರಿಸುತ್ತಾರೆ. ಡೀಲರುಗಳು ‘ಎಸ್‌ಎಂಎಸ್’ ಎನ್ನುವುದು ಈ ಮೂರು ಪದರಗಳಿಗೆ. ನೀವು ಹಣ ಕೊಡುತ್ತಿರುವುದು ಕಣ್ಣಿಗೆ ಕಾಣದ ಆ ನಡುವಿನ ಪದರಕ್ಕೆ ಎಂಬುದನ್ನು ನೆನಪಿಟ್ಟುಕೊಂಡರೆ ಉಳಿದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬಗೆಹರಿಯುತ್ತವೆ.

ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂಬುದಷ್ಟೇ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಸುತ್ತಮುತ್ತ ಅಂಗಡಿಗಳಲ್ಲಿ ‘ಬಟ್ಟೆ ಚೀಲ’ ಎಂದು ಕೊಡುವ ಬಣ್ಣದ ಕೈಚೀಲವೂ ಇದೇ ಸ್ಪನ್‌ಬಾಂಡ್ ಪಾಲಿಪ್ರೊಪಿಲೀನ್. 2021ರ ಸೆಪ್ಟೆಂಬರ್ 30ರಿಂದ ಜಾರಿಗೆ ಬಂದ ಕೇಂದ್ರದ ನಿಯಮದ ಪ್ರಕಾರ ಅಂತಹ ಚೀಲ 60 ಜಿಎಸ್‌ಎಂಗಿಂತ ಕಡಿಮೆ ಇರಬಾರದು. ಅಂದರೆ ನಿಮ್ಮ ಡೀಲರು ಹೇಳಿದ ತೂಕ ತರಕಾರಿ ಚೀಲಕ್ಕೂ ಇದೆ. ಬರೀ ಸ್ಪನ್‌ಬಾಂಡಿನ 60 ಜಿಎಸ್‌ಎಂ ಗೌನಿಗಿಂತ ಒಳ್ಳೆಯ ಎಸ್‌ಎಂಎಸ್‌ನ 40-45 ಜಿಎಸ್‌ಎಂ ಗೌನು ರಕ್ತವನ್ನು ಹೆಚ್ಚು ತಡೆಯಬಲ್ಲದು. ಡೀಲರು ನಿಮ್ಮ ಮೇಜಿನ ಮೇಲೆ ಗೌನು ಹರಡಿ ನೀರು ಸುರಿದು ತೋರಿಸುವುದನ್ನೂ ಪರೀಕ್ಷೆ ಎಂದು ತಿಳಿಯಬೇಡಿ. ಪಾಲಿಪ್ರೊಪಿಲೀನ್ ಸ್ವಭಾವತಃ ನೀರನ್ನು ಒಲ್ಲದು, ಕೈಚೀಲದ ಮೇಲೂ ನೀರಿನ ಹನಿ ದುಂಡಗೆ ನಿಲ್ಲುತ್ತದೆ. ರಕ್ತದ ಮೇಲ್ಮೈ ಎಳೆತ ನೀರಿಗಿಂತ ಕಡಿಮೆಯಾದ್ದರಿಂದ ಅದು ಹೆಚ್ಚು ಸುಲಭವಾಗಿ ನುಸುಳುತ್ತದೆ, ಸ್ಪಿರಿಟ್ ಇನ್ನೂ ಸುಲಭವಾಗಿ. ಅದಲ್ಲದೆ ಓಟಿಯಲ್ಲಿ ಬಟ್ಟೆಯ ಮೇಲೆ ರಕ್ತ ಸುಮ್ಮನೆ ಕುಳಿತಿರುವುದಿಲ್ಲ. ವೈದ್ಯರು ಮೇಜಿಗೆ ಹೊಟ್ಟೆ ಒತ್ತಿ ನಿಂತಿರುತ್ತಾರೆ, ಮೊಣಕೈ ಊರಿರುತ್ತಾರೆ. ಆ ಒತ್ತಡದಲ್ಲಿ ನಿಲ್ಲುವುದೇ ನಿಜವಾದ ತಡೆ.

ಆದ್ದರಿಂದ ತೂಕವನ್ನಲ್ಲ, ಪರೀಕ್ಷಾ ವರದಿಯನ್ನು ಕೇಳಿ. ಭಾರತೀಯ ಮಾನಕ ಬ್ಯೂರೋ ಶಸ್ತ್ರಚಿಕಿತ್ಸೆಯ ಗೌನು ಮತ್ತು ಡ್ರೇಪ್‌ಗಳಿಗೆಂದೇ (ರೋಗಿಯ ಮೈಮೇಲೆ ಹಾಸುವ ಶೀಟುಗಳಿಗೆ) 2019ರಲ್ಲಿ ಐಎಸ್ 17334 ಎಂಬ ಮಾನಕವನ್ನು ಹೊರತಂದಿದೆ. 2020ರಲ್ಲಿ ಕೋವಿಡ್ ಕವಚಗಳನ್ನು ಕೃತಕ ರಕ್ತದಿಂದ ಪರೀಕ್ಷಿಸಿದ ಕೊಯಮತ್ತೂರಿನ ಸಿಟ್ರಾ ಜವಳಿ ಸಂಶೋಧನಾ ಸಂಸ್ಥೆಯಂತಹ ಪ್ರಯೋಗಾಲಯದ ವರದಿ ಇದ್ದರೆ ಇನ್ನೂ ಒಳ್ಳೆಯದು, ಆದರೆ ವರದಿಯಲ್ಲಿರುವ ಬಟ್ಟೆ ಮತ್ತು ನಿಮಗೆ ಬಂದ ಬಟ್ಟೆ ಒಂದೇ ಎಂಬುದನ್ನು ನೋಡಿಕೊಳ್ಳಿ. ನಂತರ ಹೊಲಿಗೆ ನೋಡಿ. ಬಟ್ಟೆ ಎಷ್ಟೇ ಒಳ್ಳೆಯದಾದರೂ ತೋಳಿನ ಉದ್ದಕ್ಕೂ ಸೂಜಿ ಹೊಕ್ಕ ತೂತುಗಳಿದ್ದರೆ ರಕ್ತಕ್ಕೆ ದಾರಿ ಅಲ್ಲೇ ಇದೆ. ಶಾಖದಿಂದ ಬೆಸೆದ ಅಥವಾ ಮೇಲೆ ಟೇಪು ಒತ್ತಿದ ಹೊಲಿಗೆಯೇ ಬೇಕು. ಎದೆಯಿಂದ ಮೊಣಕಾಲಿನವರೆಗಿನ ಮುಂಭಾಗ ಮತ್ತು ತೋಳುಗಳು ಮುಖ್ಯ, ಬೆನ್ನಿನ ಭಾಗ ತೆಳುವಾಗಿದ್ದರೆ ಚಿಂತೆಯಿಲ್ಲ, ಸೆಕೆಯೂ ಕಡಿಮೆಯಾಗುತ್ತದೆ.

ಎಲ್ಲವನ್ನೂ ಒಮ್ಮೆಗೇ ಬದಲಿಸಬೇಕೇ? ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಕೂಡ ಗಾಯದ ಸೋಂಕು ತಡೆಯುವ ದೃಷ್ಟಿಯಿಂದ ಸ್ಟೆರೈಲ್ ಆದ ನೇಯ್ದ ಬಟ್ಟೆಯನ್ನಾದರೂ ಬಳಸಬಹುದು, ಒಮ್ಮೆ ಬಳಸುವ ನಾನ್‌ವೋವನ್ನನ್ನಾದರೂ ಬಳಸಬಹುದು ಎನ್ನುತ್ತದೆ. ಗಾಯಕ್ಕೆ ಬರುವ ಸೋಂಕಿನ ಬಹುಪಾಲು ರೋಗಿಯ ಚರ್ಮದಿಂದಲೇ ಬರುತ್ತದೆ. ಕೈ ತೊಳೆಯುವುದು, ಛೇದನಕ್ಕೆ ಮೊದಲೇ ಆಂಟಿಬಯಾಟಿಕ್ ಕೊಡುವುದು, ಬ್ಲೇಡಿನಿಂದ ಕೂದಲು ಹೆರೆಯದಿರುವುದು, ಇವುಗಳನ್ನು ಬಿಟ್ಟು ಗೌನಿಗೆ ಮಾತ್ರ ಹಣ ಸುರಿದರೆ ಫಲವಿಲ್ಲ. ಸಿಸೇರಿಯನ್, ಹೆರಿಗೆ, ಮೂಳೆಯ ದೊಡ್ಡ ಆಪರೇಷನ್, ಹೊಟ್ಟೆ ತೆರೆಯುವ ಆಪರೇಷನ್, ಹೀಗೆ ರಕ್ತವೂ ದ್ರವವೂ ಹೆಚ್ಚು ಹರಿಯುವ ಕಡೆ ಹೆಚ್ಚುವರಿ ಪದರ ಕೊಟ್ಟು ಬಲಪಡಿಸಿದ ಎಸ್‌ಎಂಎಸ್ ಗೌನು ಮತ್ತು ಡ್ರೇಪ್ ಕೊಳ್ಳಿ. ಸಣ್ಣ ಗಡ್ಡೆ ತೆಗೆಯುವುದಕ್ಕೆ, ಹೊಲಿಗೆ ಹಾಕುವುದಕ್ಕೆ ಚೆನ್ನಾಗಿ ಒಣಗಿ ಸ್ಟೆರೈಲ್ ಆದ ಹತ್ತಿಯೇ ಸಾಕು. ಟೋಪಿ, ಮಾಸ್ಕ್ ಹೇಗೂ ನಾನ್‌ವೋವನ್ನೇ ಇರಲಿ. ಶೂ ಕವರಿಗೆ ಖರ್ಚು ಮಾಡುವ ಬದಲು ಓಟಿಗೆಂದೇ ಒಗೆಯಬಹುದಾದ ಚಪ್ಪಲಿ ಇಡಿ.

ಈಗ ಒಗೆಯುವ ವಿಷಯ. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿಯಲ್ಲಿ, ಆಟೋಕ್ಲೇವಿನ ಶಾಖ 121 ಅಥವಾ 134 ಡಿಗ್ರಿ. ಹೀಗಾಗಿ ಗೌನು ಆಟೋಕ್ಲೇವಿನಿಂದ ನೋಡಲು ಚೆನ್ನಾಗಿಯೇ ಹೊರಬರುತ್ತದೆ, ಮೋಸವಾಗುವುದೇ ಇಲ್ಲಿ. ಒಗೆಯುವಾಗ ಉಜ್ಜಿದ್ದರಿಂದ ನಡುವಿನ ನವಿರಾದ ಪದರ ಒಳಗೊಳಗೇ ಹರಿದಿರುತ್ತದೆ, ಎಳೆಗಳಿಗೆ ಅಂಟಿದ ಸೋಪಿನ ಅಂಶ ದ್ರವವನ್ನು ದೂರವಿಡುವ ಬದಲು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ನಾನು ಕಂಡ ಒಂದು ಕಡೆ ಎರಡು ಬಾರಿ ಒಗೆದ ಗೌನಿನ ತೋಳಿನ ಮೇಲೆ ಸಲೈನ್ ಸುರಿದು ಬೆರಳಿನಿಂದ ಒತ್ತಿದಾಗ ಒಳಮೈಯಲ್ಲಿ ಹನಿಗಳು ಸಾಲಾಗಿ ಮೂಡಿದವು. ಪೊಟ್ಟಣದ ಮೇಲೆ ವೃತ್ತದೊಳಗೆ 2 ಎಂದು ಬರೆದು ಅಡ್ಡಗೆರೆ ಎಳೆದ ಗುರುತಿದ್ದರೆ ಅದರ ಅರ್ಥ ಎರಡನೆಯ ಬಾರಿ ಬಳಸಬಾರದು ಎಂದೇ. ಅಂತಹ ಗೌನು ತೊಟ್ಟವರು ತಮಗೆ ರಕ್ಷಣೆಯಿದೆ ಎಂದು ನಂಬಿ ನಿಂತಿರುತ್ತಾರೆ. ಅವರಲ್ಲಿ ಹೆಚ್ಚಿನವರು ನನ್ನಂತಹ ದಾದಿಯರು ಮತ್ತು ಸಹಾಯಕರು.

ತಾವು ಕೇಳದಿದ್ದರೂ ಬೆಂಕಿಯ ಬಗ್ಗೆ ಹೇಳಲೇಬೇಕು. ಸ್ಪಿರಿಟ್ ಸೇರಿದ ದ್ರಾವಣದಿಂದ ಚರ್ಮ ಒರೆಸಿದ ಮೇಲೆ ಕನಿಷ್ಠ ಮೂರು ನಿಮಿಷ ಪೂರ್ತಿ ಆರಲು ಬಿಟ್ಟು ಆಮೇಲೆ ಡ್ರೇಪ್ ಹಾಸಬೇಕು. ನಾನ್‌ವೋವನ್ ದ್ರವ ಹೀರದು, ಆದ್ದರಿಂದ ಸ್ಪಿರಿಟ್ ಅದರ ಕೆಳಗೆ ಮಡುಗಟ್ಟಿ ಆವಿಯಾಗುತ್ತಿರುತ್ತದೆ, ಕಾಟರಿಯ (ವಿದ್ಯುತ್ತಿನ ಶಾಖದಿಂದ ರಕ್ತಸ್ರಾವ ನಿಲ್ಲಿಸುವ ಸಾಧನ) ಒಂದು ಕಿಡಿ ತಾಕಿದರೆ ಬೆಂಕಿ ಹೊತ್ತಿ ಡ್ರೇಪ್ ಕರಗಿ ಚರ್ಮಕ್ಕೆ ಅಂಟುತ್ತದೆ.

ಕೊನೆಯದಾಗಿ ಕಸ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಬಳಸಿದ ಗೌನು, ಮಾಸ್ಕ್, ಟೋಪಿ, ರಕ್ತವಾದ ಡ್ರೇಪ್ ಹಳದಿ ಚೀಲಕ್ಕೆ, ಕೈಗವಸು ಕೆಂಪು ಚೀಲಕ್ಕೆ ಹೋಗಬೇಕು. ಇದು ಕೊಳೆಯುವ ಬಟ್ಟೆಯಲ್ಲ, ಪ್ಲಾಸ್ಟಿಕ್. ಆಸ್ಪತ್ರೆಯ ಹಿಂದೆ ಗುಂಡಿ ತೋಡಿ ಹೂಳುವುದಾಗಲಿ, ತೋಟದ ಅಂಚಿನಲ್ಲಿ ಸುಡುವುದಾಗಲಿ ಕೂಡದು. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ನಾನ್‌ವೋವನ್‌ಗೆ ಬದಲಾದ ತಿಂಗಳಿನಿಂದಲೇ ನಿಮ್ಮ ಹಳದಿ ಚೀಲಗಳ ಸಂಖ್ಯೆ ಏರುತ್ತದೆ, ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವ ದಿನಗಳೂ ನಿಮ್ಮ ಕಡೆ ಬರುತ್ತವೆ. ಆದ್ದರಿಂದ ಗೌನಿನ ಆರ್ಡರ್ ಕೊಡುವ ಮೊದಲೇ ತ್ಯಾಜ್ಯದ ಗಾಡಿಯವರೊಂದಿಗೆ ಕೂತು, ವಾರಕ್ಕೆ ಎಷ್ಟು ಬಾರಿ ಬರುತ್ತಾರೆ, ರಸ್ತೆ ಕಟ್ಟಿದ ದಿನ ಯಾವ ದಾರಿಯಿಂದ ಬರುತ್ತಾರೆ ಎಂಬುದನ್ನು ಲಿಖಿತವಾಗಿ ಮಾಡಿಕೊಳ್ಳಿ.