ನಿಂಬೆರಸದ ಗುಪ್ತ ಪತ್ರ ಓದೋಕೆ ಬೆಂಕಿ ಬೇಕೇ ಬೇಕಾ?

ಪ್ರಶ್ನೆ: ನನ್ನ ಮಗಳು ಏಳನೇ ತರಗತಿ. ನಿಂಬೆರಸದಲ್ಲಿ ಗುಪ್ತ ಪತ್ರ ಬರೆಯುವ ಹುಚ್ಚು ಹಿಡಿದಿದೆ. ಆದರೆ ಒಣಗಿದ ಮೇಲೂ ಅಕ್ಷರಗಳು ಎದ್ದು ಕಾಣುತ್ತವೆ. ಬಲ್ಬಿನ ಹತ್ತಿರ ಹಿಡಿದರೆ ಏನೂ ಆಗುವುದಿಲ್ಲ, ಮೇಣದಬತ್ತಿಗೆ ಹಿಡಿದರೆ ಹಾಳೆಯೇ ಸುಡುತ್ತದೆ. ಬೆಂಕಿ ಇಲ್ಲದೆ ಮಾಡುವ ದಾರಿ ಇದೆಯಾ ಸರ್?

ಉತ್ತರ: ಇದೆ. ಅದಕ್ಕೆ ಮೊದಲು ಅಕ್ಷರ ಯಾಕೆ ಕಾಣುತ್ತೆ ಅಂತ ನೋಡಿಬಿಡೋಣ. ಒಣಗಿದ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಬರೆದ ಕಡೆ ಕಾಗದ ಸ್ವಲ್ಪ ಉಬ್ಬಿರುತ್ತದೆ, ಅಂಚು ಸುಕ್ಕಾಗಿರುತ್ತದೆ, ಕೆಲವು ಕಡೆ ಮಿಣ್ಣಗೆ ಹೊಳೆಯುತ್ತದೆ. ಒದ್ದೆಯಾದಾಗ ಉಬ್ಬಿದ ನಾರು ಒಣಗಿದ ಮೇಲೆ ಮೊದಲಿನ ಹಾಗೆ ಕೂರುವುದಿಲ್ಲ. ಹಾಗಾಗಿ ರಸವನ್ನು ಸೋಸಿ, ಅಷ್ಟೇ ನೀರು ಬೆರೆಸಿ. ಚೂಪು ಕಡ್ಡಿ ಬೇಡ, ಅದು ಕಾಗದವನ್ನು ಗೀರುತ್ತದೆ. ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಅದ್ದಿ, ಹಿಂಡಿ, ಹಗುರವಾಗಿ ಬರೆಯಲಿ. ತಾನಾಗಿ ಒಣಗಿದ ಮೇಲೆ ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಡಿ.

ಬಲ್ಬಿನದು ನಿಮ್ಮ ತಪ್ಪಲ್ಲ. ಆ ಸಲಹೆ ಹಳೆಯ ತಂತಿ ಬಲ್ಬಿನ ಕಾಲದ್ದು. ಈಗಿನ ಎಲ್‌ಇಡಿಗೆ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಮೇಣದಬತ್ತಿಯಂತೂ ಬೇಡವೇ ಬೇಡ. ಹಬೆ ಇಲ್ಲದ ಇಸ್ತ್ರಿ ಪೆಟ್ಟಿಗೆ ಸಾಕು, ಅದನ್ನು ದೊಡ್ಡವರೇ ಹಿಡಿಯಬೇಕು. ಹುಳಿಯಿಂದ ನಾರು ಸಡಿಲವಾಗಿರುತ್ತದೆ, ರಸದಲ್ಲಿ ಸಕ್ಕರೆಯೂ ಇರುತ್ತದೆ. ಹೀಗಾಗಿ ಉಳಿದ ಕಾಗದಕ್ಕಿಂತ ಮೊದಲು ಬರೆದ ಜಾಗ ಕಂದಾಗುತ್ತದೆ.

ಈಗ ಬೆಂಕಿ ಇಲ್ಲದ ದಾರಿ. ಅಡುಗೆ ಸೋಡಾವನ್ನು ಸ್ವಲ್ಪ ನೀರಲ್ಲಿ ಕರಗಿಸಿ ಬರೆದು ಒಣಗಿಸಿ. ಆಲ್ಕೋಹಾಲ್ ಇರುವ ಸ್ಯಾನಿಟೈಸರ್‌ನಲ್ಲಿ ಚಿಟಿಕೆ ಅರಿಶಿನ ಕಲಸಿ ಹತ್ತಿಯಿಂದ ಸವರಿ. ಹಾಳೆ ಹಳದಿಯಾಗುತ್ತದೆ, ಅಕ್ಷರ ಮಾತ್ರ ಕೆಂಪು ಕಂದಾಗಿ ಬರುತ್ತದೆ. ಅರಿಶಿನದ ಬಣ್ಣ ಕ್ಷಾರ ತಗುಲಿದರೆ ಕೆಂಪಾಗುತ್ತದೆ. ಬಟ್ಟೆಯ ಅರಿಶಿನ ಕಲೆಗೆ ಸೋಪು ಹಾಕಿದಾಗ ನೋಡಿರುತ್ತೀರಿ, ಅಲ್ವಾ? ಬರೀ ನೀರಲ್ಲಿ ಅರಿಶಿನ ಸರಿಯಾಗಿ ಕರಗುವುದಿಲ್ಲ, ಅದಕ್ಕೇ ಸ್ಯಾನಿಟೈಸರ್. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ, ಒಲೆಯ ಹತ್ತಿರ ಮಾಡಬೇಡಿ.

ನನಗೆ ಇದಕ್ಕಿಂತ ಇಷ್ಟವಾದದ್ದು ಅಯೋಡಿನ್ ಆಟ. ಗಂಜಿ ತಿಳಿಯಲ್ಲಿ ಬರೆದು ಅಯೋಡಿನ್ ಸವರಿದರೆ ಅಕ್ಷರ ಕಪ್ಪು ನೀಲಿಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮಾಡಿ ನೋಡಿದವರಲ್ಲಿ ಎಷ್ಟೋ ಜನರಿಗೆ ಇಡೀ ಹಾಳೆಯೇ ನೀಲಿಯಾಗುತ್ತದೆ. ಯಾಕಂದರೆ ಪ್ರಿಂಟಿಂಗ್‌ಗೆ ಬಳಸುವ ಹಾಳೆಗೆ ಕಾರ್ಖಾನೆಯಲ್ಲೇ ಪಿಷ್ಟ ಸವರಿರುತ್ತಾರೆ. ಸರಿ, ಹಾಗಾದರೆ ಆಟವನ್ನೇ ತಿರುಗಿಸಿ. ಅದೇ ಹಾಳೆಯ ಮೇಲೆ ತಾಜಾ ನಿಂಬೆರಸದಲ್ಲಿ ಬರೆಯಿರಿ, ಇಲ್ಲಿ ಮಾತ್ರ ನೀರು ಬೆರೆಸಬೇಡಿ. ಒಣಗಿದ ಮೇಲೆ ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣಕ್ಕೆ ನೀರು ಬೆರೆಸಿ, ತೆಳು ಚಹಾದ ಬಣ್ಣಕ್ಕೆ ತಂದು ಮೆತ್ತಗೆ ಸವರಿ. ಹಾಳೆ ನೇರಳೆಗೆ ತಿರುಗುತ್ತದೆ, ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ನಿಂಬೆಯಲ್ಲಿರುವ ಸಿ ವಿಟಮಿನ್ ಅಯೋಡಿನ್ನನ್ನು ಬಣ್ಣವಿಲ್ಲದ ಅಯೋಡೈಡ್ ಮಾಡಿಬಿಡುತ್ತದೆ. ಗಾಳಿಗೆ ಸಿ ವಿಟಮಿನ್ ಕೆಡುತ್ತದೆ, ಆದ್ದರಿಂದ ಈ ಪತ್ರವನ್ನು ಅವತ್ತೇ ಓದಿಬಿಡಬೇಕು. ಕೈಗೆ ಗ್ಲೌಸ್ ಹಾಕಿಸಿ. ಕಲೆ ಬೇಗ ಹೋಗಲ್ಲ.

ಪ್ರಶ್ನೆ: ನಿಂಬೆರಸದಲ್ಲಿ ಗೂಢಚಾರರು ನಿಜವಾಗಿ ಬರೆಯುತ್ತಿದ್ದರಾ? ಇಷ್ಟು ಸುಲಭ ಇದ್ದರೆ ಯಾರೂ ಹಿಡಿಯುತ್ತಿರಲಿಲ್ಲವಾ?

ಉತ್ತರ: ಬರೆಯುತ್ತಿದ್ದರು, ಸಿಕ್ಕಿಬೀಳುತ್ತಲೂ ಇದ್ದರು. ಮೊದಲ ಮಹಾಯುದ್ಧದಲ್ಲಿ ಲಂಡನ್‌ನಲ್ಲಿ ಸಿಕ್ಕಿಬಿದ್ದ ಜರ್ಮನಿಯ ಗೂಢಚಾರ ಕಾರ್ಲ್ ಮುಲ್ಲರ್ ಹತ್ತಿರ ನಿಂಬೆಹಣ್ಣೇ ಸಾಕ್ಷಿಯಾಗಿ ಸಿಕ್ಕಿತು. 1915ರ ಜೂನ್ 23ರಂದು ಅವನನ್ನು ಲಂಡನ್ ಟವರ್‌ನಲ್ಲಿ ಗುಂಡಿಟ್ಟು ಕೊಂದರು. ಬಿಸಿ ಮಾಡಿದರೆ ಬಯಲಾಗುವ ಶಾಯಿಯನ್ನು ಪತ್ರ ತಪಾಸಣೆಯವರು ಮೊದಲು ನೋಡುತ್ತಿದ್ದರು, ಅದು ಸುಮ್ನೆ ಇಸ್ತ್ರಿ ಹಾಕುವಷ್ಟೇ ಕೆಲಸ.

ಯಾವ ಶಾಯಿ ಅಂತಲೇ ಗೊತ್ತಿಲ್ಲದಿದ್ದರೆ ಹಾಳೆಯನ್ನು ಅಯೋಡಿನ್ ಆವಿಗೆ ಒಡ್ಡುತ್ತಿದ್ದರು. ಒದ್ದೆಯಾಗಿ ಕೆದರಿದ ನಾರಿನ ಮೇಲೆ ಆವಿ ಬೇರೆ ಥರ ಕೂರುತ್ತದೆ. ಬರೆದದ್ದು ಬರೀ ನೀರಲ್ಲೇ ಆದರೂ ಗುರುತು ಕಾಣುತ್ತದೆ. ಇದಕ್ಕೆ ಗೂಢಚಾರರ ಪ್ರತಿತಂತ್ರವೂ ಇತ್ತು: ಬರೆದ ಮೇಲೆ ಇಡೀ ಹಾಳೆಗೆ ಒಂದೇ ಸಮನಾಗಿ ಹಬೆ ತಾಗಿಸಿ, ಒತ್ತಿ ಒಣಗಿಸುವುದು. ನಾರೆಲ್ಲ ಒಂದೇ ಥರ ಕೆದರಿದರೆ ಆವಿಗೆ ವ್ಯತ್ಯಾಸ ಸಿಗುವುದಿಲ್ಲ. ಹಬೆ ಕೊಡುವುದನ್ನು ಮನೆಯಲ್ಲಿ ಮಾಡಿ ನೋಡಬಹುದು. ಅಯೋಡಿನ್ ಆವಿ ಮಾತ್ರ ಕಣ್ಣಿಗೂ ಮೂಗಿಗೂ ಉರಿ, ಅದನ್ನು ಶಾಲೆಯ ಲ್ಯಾಬಿನವರಿಗೆ ಬಿಡಿ.