ನಮ್ಮ ಪ್ರೆಸ್ ಶಾಪ್‌ನಲ್ಲಿ (ಲೋಹದ ತಗಡು ಒತ್ತಿ ಪಾರ್ಟ್ ಮಾಡುವ ಕಾರ್ಖಾನೆ) ಕೈಜೆನ್, ಅಂದರೆ ಕೆಲಸಗಾರರ ಐಡಿಯಾಗಳಿಂದ ಸಣ್ಣ ಸಣ್ಣ ಸುಧಾರಣೆ, ಶುರು ಮಾಡಿದ್ದೇವೆ, ಕೆಲಸಗಾರರು ಐಡಿಯಾನೇ ಕೊಡುತ್ತಿಲ್ಲ. ಬಹುಮಾನ ಇಡಬೇಕಾ, ದಂಡ ಹಾಕಬೇಕಾ?

ಎರಡೂ ಬೇಡ. ದಂಡದ ಮಾತಂತೂ ಬಿಟ್ಟೇಬಿಡಿ. ವೇತನದ ಕಾನೂನಿನಲ್ಲಿ ದಂಡಕ್ಕೆ ಸಂಬಳದ 3% ಮಿತಿ ಇದೆ, ಅದಕ್ಕೂ ಮೊದಲು ಅವರ ಮಾತು ಕೇಳಬೇಕು. "ಐಡಿಯಾ ಕೊಡಲಿಲ್ಲ" ಅಂತ ಯಾವ ಬಾಯಲ್ಲಿ ದಂಡ ಹಾಕುತ್ತೀರಿ?

"ಶುರುವಿನಲ್ಲಿ ಚೆನ್ನಾಗಿ ಸಹಕರಿಸಿದರು, ಆಮೇಲೆ ಏನಾಯಿತೋ ಗೊತ್ತಿಲ್ಲ, ಇವರ ಮನಸ್ಥಿತಿ ಬದಲಾಯಿಸೋದು ಹೇಗೆ" ಅಂತ ಬರೆದಿದ್ದೀರಿ. ಏನಾಯಿತು ಅಂತ ಅವರಿಗೆ ಗೊತ್ತಿರುತ್ತದೆ. ನಮ್ಮಲ್ಲೂ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ.

ನಾನಿದ್ದದ್ದು ಪೀಣ್ಯದ ಒಂದು ಪ್ರೆಸ್ ಶಾಪ್‌ನಲ್ಲಿ. ವಾಹನಗಳಿಗೆ ಬ್ರಾಕೆಟ್, ಕ್ಲ್ಯಾಂಪ್ ಹೊಡೆಯುವ ಕೆಲಸ. ಮಾಲೀಕರು ಬಿಡದಿಯ ದೊಡ್ಡ ಪ್ಲಾಂಟ್ ನೋಡಿಕೊಂಡು ಬಂದವರೇ ನನ್ನನ್ನು ಲೀನ್ (ವ್ಯರ್ಥ ತಗ್ಗಿಸುವ ಪದ್ಧತಿ) ಕೋಆರ್ಡಿನೇಟರ್ ಮಾಡಿದರು. ಎಲ್ಲರ ಹಾಗೆ ನಾನೂ 5ಎಸ್, ಅಂದರೆ ಕೆಲಸದ ಜಾಗ ಚೊಕ್ಕಟವಾಗಿ ಜೋಡಿಸಿಡುವ ಪದ್ಧತಿಯಿಂದಲೇ ಶುರು ಮಾಡಿದೆ. ಬೇಡದ ಸಾಮಾನಿಗೆ ಕೆಂಪು ಟ್ಯಾಗ್, ನೆಲಕ್ಕೆ ಹಳದಿ ಗೆರೆ, ಗೋಡೆಗೆ ಪೋಸ್ಟರ್. ಫೋಟೋ ಚೆನ್ನಾಗಿ ಬಂತು. ಅಷ್ಟೇ.

ನಿಜವಾದ ಕೆಲಸ ಶುರುವಾದದ್ದು ಡೈ, ಅಂದರೆ ಪೀಸ್‌ಗೆ ಆಕಾರ ಕೊಡುವ ಅಚ್ಚು, ಬದಲಾಯಿಸುವುದರಲ್ಲಿ. ಒಂದು ಡೈ ಇಳಿಸಿ ಇನ್ನೊಂದು ಏರಿಸಿ ಮೊದಲ ಒಳ್ಳೆ ಪೀಸ್ ಬರುವಷ್ಟರಲ್ಲಿ ಹತ್ತಿರ ಹತ್ತಿರ ಎರಡು ಗಂಟೆ. ಪಕ್ಕದಲ್ಲಿ ನಿಂತು ನೋಡಿದರೆ ಅದರಲ್ಲಿ ಸ್ಪ್ಯಾನರ್ ಹಿಡಿದ ಹೊತ್ತು ಅರ್ಧವೂ ಇಲ್ಲ. ಪ್ರೆಸ್ ನಿಂತ ಮೇಲೆ ರ‍್ಯಾಕ್‌ನಲ್ಲಿ ಡೈ ಹುಡುಕೋದು. ಫೋರ್ಕ್‌ಲಿಫ್ಟ್ ಡಿಸ್ಪ್ಯಾಚ್ ಕಡೆ ಹೋಗಿರುತ್ತದೆ, ಅದಕ್ಕೆ ಕಾಯೋದು. ಒಂದೊಂದು ಡೈಗೂ ಒಂದೊಂದು ಉದ್ದದ ಬೋಲ್ಟ್. ಎತ್ತರ ಬೇರೆ ಬೇರೆ, ಹಾಗಾಗಿ ಪ್ರತಿ ಸಲವೂ ಮೇಲಿಂದ ಇಳಿದು ಒತ್ತುವ ರ‍್ಯಾಮ್ ಅಡ್ಜಸ್ಟ್ ಮಾಡೋದು, ಟ್ರಯಲ್ ಪೀಸ್ ಹೊಡೆಯೋದು. ಕೊನೆಗೆ ಗುಣಮಟ್ಟ ನೋಡುವ ಕ್ಯೂಸಿಯವರು ಟೀ ಕುಡಿದು ಬರುವ ತನಕ ಪೀಸ್ ಹಿಡಿದು ನಿಲ್ಲೋದು.

ಜಪಾನಿನ ಎಂಜಿನಿಯರ್ ಶಿಗಿಯೋ ಶಿಂಗೊ ಹೇಳಿದ್ದು ಇದನ್ನೇ. ಮೆಷಿನ್ ಓಡುತ್ತಿರುವಾಗಲೇ ಮಾಡಬಹುದಾದ ಕೆಲಸವನ್ನು ಮೆಷಿನ್ ನಿಲ್ಲಿಸಿ ಮಾಡಬೇಡಿ. 1969ರಲ್ಲಿ ಟೊಯೋಟಾದ 1,000 ಟನ್ ಪ್ರೆಸ್ ಒಂದರಲ್ಲಿ ನಾಲ್ಕು ಗಂಟೆಯ ಸೆಟ್ಟಿಂಗ್ (ಡೈ ಬದಲಾವಣೆ) ಅನ್ನು ಮೊದಲು ಒಂದೂವರೆ ಗಂಟೆಗೆ, ಆಮೇಲೆ 3 ನಿಮಿಷಕ್ಕೆ ಇಳಿಸಿದ್ದು ಇದೇ ದಾರಿಯಲ್ಲಿ.

ನಮ್ಮಲ್ಲಿ ದಾರಿ ತೋರಿಸಿದ್ದು ಪುಸ್ತಕವಲ್ಲ, ಕಂಟ್ರಾಕ್ಟ್ ಮೇಲಿದ್ದ ಒಬ್ಬ ಹೆಲ್ಪರ್ ಹುಡುಗ. "ಸಾರ್, ಗಿಡ್ಡ ಡೈಗಳ ಕೆಳಗೆ ಒಂದೊಂದು ಪ್ಲೇಟ್ ಕಾಯಂ ಕೂರಿಸಿಬಿಟ್ಟರೆ ಎಲ್ಲದರ ಎತ್ತರವೂ ಒಂದೇ ಆಗುತ್ತಲ್ವಾ" ಅಂದ. ಆಯಿತು. ಎತ್ತರ ಒಂದಾದ ಮೇಲೆ ರ‍್ಯಾಮ್ ಮುಟ್ಟುವ ಕೆಲಸ ತಪ್ಪಿತು. ಕ್ಲ್ಯಾಂಪ್ ಹಾಕುವ ಜಾಗದ ದಪ್ಪವನ್ನೂ ಒಂದೇ ಮಾಡಿದೆವು, ಬೋಲ್ಟ್ ಒಂದೇ ಅಳತೆಗೆ ಬಂತು. ಡೈ ಕೂರಿಸುವ ಹಳೆ ಸೆಟ್ಟರ್ ಅಣ್ಣ ಒಬ್ಬರು ತಾವೇ ಟ್ರಾಲಿ ಮಾಡಿಸಿ, ಮುಂದಿನ ಡೈ ಮೊದಲೇ ಪ್ರೆಸ್ ಪಕ್ಕಕ್ಕೆ ಬಂದು ನಿಲ್ಲುವ ಹಾಗೆ ಮಾಡಿದರು. ಎರಡು ಗಂಟೆಯ ಕೆಲಸ ಅರ್ಧ ಗಂಟೆಗೆ ಬಂತು.

ಇಲ್ಲೇ ನಾನು ಎಡವಿದ್ದು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ತಿಂಗಳ ರಿವ್ಯೂ ಮೀಟಿಂಗ್ ಇತ್ತು. ಬರೀ "ಇಷ್ಟು ಗಂಟೆ ಉಳಿಯಿತು" ಅಂದರೆ ಮಾಲೀಕರು "ಸರಿ, ರೂಪಾಯಿ ಎಷ್ಟು?" ಅಂತ ಕೇಳೇ ಕೇಳುತ್ತಾರೆ. ನಾನು ಜಾಣತನ ಮಾಡಿದೆ. ಎಲ್ಲ ಪ್ರೆಸ್‌ಗಳಲ್ಲಿ ಸೆಟ್ಟರ್, ಹೆಲ್ಪರ್‌ಗಳ ಉಳಿದ ಗಂಟೆ ಕೂಡಿಸಿದೆ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ, ಅಂದರೆ 208ರಿಂದ ಭಾಗಿಸಿದೆ. ಬಂದ ಉತ್ತರವನ್ನು ಸ್ಲೈಡ್ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿದೆ: "ಉಳಿತಾಯ: 2 ಜನ". ಚಪ್ಪಾಳೆ ಬಿತ್ತು. ಮುಂದಿನ ತಿಂಗಳು ಕಂಟ್ರಾಕ್ಟರ್‌ಗೆ ಫೋನ್ ಹೋಯಿತು, ಇಬ್ಬರು ಹೆಲ್ಪರ್‌ಗಳು ಬರಲಿಲ್ಲ. ಅದರಲ್ಲಿ ಪ್ಲೇಟ್ ಐಡಿಯಾ ಕೊಟ್ಟ ಹುಡುಗನೂ ಒಬ್ಬ.

ಕನಿಕರದ ಮಾತು ಪಕ್ಕಕ್ಕಿಡಿ. ಲೆಕ್ಕದಲ್ಲೇ ಅದು ತಪ್ಪು. ನೋಡಿ, ಒಂದು ಬ್ರಾಕೆಟ್ ಗಂಟೆಗೆ 800 ಹೊಡೆಯುತ್ತದೆ ಅಂದುಕೊಳ್ಳಿ. ಸೆಟ್ಟಿಂಗ್‌ಗೆ 2 ಗಂಟೆ ಬೇಕಾದಾಗ ಯಾರೂ ಸಣ್ಣ ಲಾಟ್ ಹೊಡೆಯುವುದಿಲ್ಲ. ಒಂದೇ ಸಲಕ್ಕೆ 8,000. ಹತ್ತು ಗಂಟೆ ಓಟ, ಎರಡು ಗಂಟೆ ಸೆಟ್ಟಿಂಗ್, ಒಟ್ಟು ಹನ್ನೆರಡು. ಸೆಟ್ಟಿಂಗ್ ಅರ್ಧ ಗಂಟೆಯಾದರೆ ಅದೇ 8,000ವನ್ನು ನಾಲ್ಕು ಸಲಕ್ಕೆ, ಎರಡೆರಡು ಸಾವಿರದಂತೆ ಹೊಡೆಯಬಹುದು. ನಾಲ್ಕು ಸೆಟ್ಟಿಂಗ್‌ಗೆ ಎರಡು ಗಂಟೆ, ಓಟಕ್ಕೆ ಹತ್ತು. ಅದೇ ಹನ್ನೆರಡು! ಪ್ರೆಸ್‌ನ ಒಂದು ನಿಮಿಷವೂ ಜಾಸ್ತಿ ಖರ್ಚಾಗಲಿಲ್ಲ. ಆದರೆ ಬಿನ್‌ಗಳಲ್ಲಿ ತುಕ್ಕು ಹಿಡಿಯುತ್ತ ಕೂತ ಮಾಲು ಕಾಲು ಭಾಗಕ್ಕೆ ಇಳಿಯುತ್ತದೆ. ಕತ್ತರಿಸುವ ಪಂಚ್ ಮೊಂಡಾಗಿ ಪೀಸ್ ಅಂಚಿನಲ್ಲಿ ಬರ್ (ಚೂಪು ಉಳಿಕೆ) ಬಂದದ್ದು ಮುಂದಿನ ಆಪರೇಷನ್‌ನಲ್ಲಿ ಗೊತ್ತಾದಾಗ ಹಾಳಾಗಿರೋದು 8,000 ಅಲ್ಲ, ಹೆಚ್ಚೆಂದರೆ 2,000. ಟೊಯೋಟಾದವರು ಸೆಟ್ಟಿಂಗ್ ಸಮಯದ ಹಿಂದೆ ಬಿದ್ದದ್ದೇ ಇದಕ್ಕೆ. ಯುದ್ಧ ಮುಗಿದ ಜಪಾನ್‌ನಲ್ಲಿ ಮಾರುಕಟ್ಟೆ ಚಿಕ್ಕದು, ಬೇಕಾದ ಮಾಡೆಲ್ ಹಲವು, ಒಂದನ್ನೇ ರಾಶಿ ಹಾಕಲು ದುಡ್ಡಿಲ್ಲ.

ಈಗ ಹೇಳಿ, ಸಣ್ಣ ಲಾಟ್ ಅಂದರೆ ದಿನಕ್ಕೆ ಡೈ ಬದಲಾವಣೆ ಜಾಸ್ತಿಯಾಗಬೇಕಲ್ವಾ? ಅದಕ್ಕೆ ಕೈ ಬೇಕು. ಆ ಕೈಗಳನ್ನೇ ನಾನು ಉಳಿತಾಯದ ಕಾಲಮ್‌ಗೆ ಹಾಕಿಬಿಟ್ಟಿದ್ದೆ. ಲಾಟ್ ಸೈಜ್ 8,000ದಲ್ಲೇ ಉಳಿಯಿತು. ಸಿಕ್ಕಿದ್ದು ಇಬ್ಬರ ಕಂಟ್ರಾಕ್ಟ್ ಕೂಲಿ.

ಹೋದದ್ದು ಬೇರೆ. ಟ್ರಾಲಿ ತಳ್ಳುವವರಿಲ್ಲದೆ ಡೈ ಮತ್ತೆ ತಡವಾಗಿ ಬರತೊಡಗಿತು. ಸೆಟ್ಟಿಂಗ್ ಸಮಯ ಮೆಲ್ಲಗೆ ಹಳೆಯ ಜಾಗಕ್ಕೆ ಮರಳಿತು. ಒಂದು ದೊಡ್ಡ ಲಾಟ್ ಪೂರ್ತಿ ಬರ್ ಹಿಡಿದುಕೊಂಡೇ ಗ್ರಾಹಕರ ಲೈನ್ ತನಕ ಹೋಯಿತು. ನಾವು ಜನ ಕಳಿಸಿ ಅಲ್ಲೇ ಕೂತು ಆರಿಸಬೇಕಾಯಿತು. ಆ ಪಾರ್ಟ್ ಆಮೇಲೆ ಬೇರೆ ವೆಂಡರ್ ಪಾಲಾಯಿತು. ಸೆಟ್ಟರ್ ಅಣ್ಣ ಮಾತ್ರ ಒಂದೂ ಕೆಟ್ಟ ಮಾತು ಆಡಲಿಲ್ಲ. ಇನ್ನೇನಾದರೂ ಸುಧಾರಣೆ ಹೊಳೆಯುತ್ತದಾ ಅಂತ ಕೇಳಿದರೆ, "ಇನ್ನೊಬ್ಬನನ್ನ ಕಳಿಸಬೇಕಾ ಸಾರ್?" ಅಂದರು.

ಜನರನ್ನು ಕಳಿಸದಿದ್ದರೂ ನಿಮ್ಮಲ್ಲಿ ಇದೇ ಆಗಿರಬಹುದು. ಓಟಿ (ಓವರ್‌ಟೈಮ್) ಲೆಕ್ಕ ತೆಗೆದು ನೋಡಿ. ನಮ್ಮಂಥ ಶಾಪ್‌ಗಳಲ್ಲಿ ಸಂಬಳ ಬಾಡಿಗೆ, ರೇಷನ್‌ಗೆ ಸರಿಹೋಗುತ್ತದೆ. ಮಗಳ ಫೀಸು, ಊರಿಗೆ ಕಳಿಸುವ ದುಡ್ಡು ಬರೋದು ಓಟಿಯಿಂದ. ಕೆಲಸ ಬೇಗ ಮುಗಿಯುವ ಐಡಿಯಾ ಕೊಟ್ಟವನ ಓಟಿಯೇ ಮೊದಲು ಹೋಗುತ್ತದೆ. ಐಡಿಯಾಗೆ ಐನೂರು ರೂಪಾಯಿ ಬಹುಮಾನ ಇಟ್ಟು, ತಿಂಗಳಿಗೆ ಮೂರು ಸಾವಿರದ ಓಟಿ ಕಿತ್ತುಕೊಂಡರೆ ಯಾರು ತಾನೇ ಚೀಟಿ ಬರೆದು ಡಬ್ಬಿಗೆ ಹಾಕುತ್ತಾರೆ? ಅವರ ಮನಸ್ಥಿತಿ ಸರಿಯಾಗೇ ಇದೆ. ಲೆಕ್ಕ ನಿಮಗಿಂತ ಚೆನ್ನಾಗಿ ಬರುತ್ತದೆ.

ಟೊಯೋಟಾದ ಸಲಹೆ ಪದ್ಧತಿ ಶುರುವಾದದ್ದು 1951ರಲ್ಲಿ. ಅದರ ಹಿಂದಿನ ವರ್ಷವೇ ಕಂಪನಿ ಮುಳುಗುವ ಹಂತಕ್ಕೆ ಹೋಗಿ, ದೊಡ್ಡ ಮುಷ್ಕರ ನಡೆದು, 1,500ಕ್ಕೂ ಹೆಚ್ಚು ಜನ ಕೆಲಸ ಬಿಟ್ಟಿದ್ದರು. ಅಧ್ಯಕ್ಷ ಕಿಚಿರೊ ಟೊಯೋಡಾ ತಾವೂ ರಾಜೀನಾಮೆ ಕೊಟ್ಟು ಹೋದರು. 1962ರಲ್ಲಿ ಆಡಳಿತ ಮತ್ತು ಯೂನಿಯನ್ ಪರಸ್ಪರ ನಂಬಿಕೆಯ ಜಂಟಿ ಘೋಷಣೆಗೆ ಸಹಿ ಹಾಕಿದವು. ಟ್ರೇನಿಂಗ್ ಕೊಡುವವರು ಏಳು ಬಗೆಯ ಮುಡಾ (ಜಪಾನಿ ಭಾಷೆಯಲ್ಲಿ ವ್ಯರ್ಥ) ಬಾಯಿಪಾಠ ಮಾಡಿಸುತ್ತಾರೆ, ಈ ಭಾಗ ಬಿಟ್ಟುಬಿಡುತ್ತಾರೆ.

ಹಾಗಾಗಿ ನನ್ನ ಮಾತು ಕೇಳುವುದಾದರೆ ಡಬ್ಬಿ ತೆಗೆದು ಸ್ಟೋರ್‌ಗೆ ಹಾಕಿ. ಮೊದಲು ಮಾಲೀಕರ ಹತ್ತಿರ ಹೋಗಿ. ಸುಧಾರಣೆಯಿಂದ ಉಳಿದ ಸಮಯಕ್ಕಾಗಿ ಯಾರನ್ನೂ ಕಳಿಸುವುದಿಲ್ಲ ಅಂತ ಬರೆಸಿಕೊಳ್ಳಿ. ಕಂಟ್ರಾಕ್ಟ್‌ನವರೂ ಅದರಲ್ಲಿ ಸೇರಿರಲಿ. ಓಟಿ ಕಡಿಮೆಯಾದರೆ ಅದರ ಒಂದು ಪಾಲು ಇನ್ಸೆಂಟಿವ್ ಆಗಿ ಸಂಬಳದ ಚೀಟಿಯಲ್ಲೇ ಬರಬೇಕು. ಮಾಲೀಕರು ಒಪ್ಪದಿದ್ದರೆ ಕೈಜೆನ್ ಕೈಬಿಡಿ. ಸುಮ್ನೆ ಪ್ರೊಡಕ್ಷನ್ ನೋಡಿಕೊಳ್ಳಿ. ಅರೆಮನಸ್ಸಿನಿಂದ ಮಾಡಿ ಜನರ ನಂಬಿಕೆ ಕಳೆದುಕೊಂಡರೆ ನಿಮ್ಮ ನಂತರ ಬರುವವನಿಗೂ ಕಷ್ಟ.

ಕನ್ಸಲ್ಟೆಂಟ್ ಬೇಕಾ ಅಂತಲೂ ಕೇಳಿದ್ದೀರಿ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ 2023ರಲ್ಲಿ ಹೊಸದಾಗಿ ಶುರು ಮಾಡಿದ ಲೀನ್ ಯೋಜನೆ ಇದೆ. ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಅಂತ ಮೂರು ಹಂತ, ಮಾರ್ಗದರ್ಶನದ ಖರ್ಚಿನ 90% ಸರ್ಕಾರವೇ ಕೊಡುತ್ತದೆ. ಬಳಸಿಕೊಳ್ಳಿ. ಸರ್ಟಿಫಿಕೇಟ್‌ಗೋಸ್ಕರ ಮಾತ್ರ ಓಡಬೇಡಿ.

ಸಾಫ್ಟ್‌ವೇರ್ ಬೇಡ. ಪ್ರತಿ ಪ್ರೆಸ್ ಪಕ್ಕ ಒಂದು ಬೋರ್ಡ್ ಸಾಕು. ಪ್ರೆಸ್ ಯಾವಾಗ ನಿಂತಿತು, ಮೊದಲ ಒಳ್ಳೆ ಪೀಸ್ ಯಾವಾಗ ಬಂತು, ಮಧ್ಯೆ ಯಾವುದಕ್ಕೆ ಕಾಯಬೇಕಾಯಿತು, ಇಷ್ಟೇ ಬರೆಯೋದು. ಮಾರ್ಕರ್ ಸೆಟ್ಟರ್ ಕೈಯಲ್ಲೇ ಇರಲಿ. ಅವರು ಬರೆದ ಮೊದಲ ಕಾರಣವನ್ನು ಆ ವಾರದೊಳಗೆ ನೀವೇ ಓಡಾಡಿ ಸರಿಮಾಡಿಕೊಡಿ, ಅದು ಕ್ಯೂಸಿಯವರ ಟೀ ಹೊತ್ತೇ ಆಗಿದ್ದರೂ ಸರಿ.